ಬಸುರಿಗೆ ಕೊರೊನಾ ಬಂದರೆ ಹೊಟ್ಟೆಯೊಳಗಿನ ಮಗುವಿಗೂ ಬರುತ್ತದೆಯೇ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಹಳ್ಳಿ. ನನಗೆ 26 ವರ್ಷ, ಚೊಚ್ಚಲ ಬಸಿರು, ಈಗ 33 ವಾರ ನಡೆಯುತ್ತಿದೆ. ಮೈಸೂರಿನಲ್ಲಿ ಕೆಲಸದಲ್ಲಿರುವ ಮೈದುನ ಬಂದುಹೋದ ಮೇಲೆ ಮನೆಯಲ್ಲಿ ಎಲ್ಲರಿಗೂ ನೆಗಡಿ, ಕೆಮ್ಮು. ನನಗೆ ಮೂರು ದಿನದಿಂದ 100–101 ಡಿಗ್ರಿ ಜ್ವರ, ಗಂಟಲು ನೋವು. ಮೆಡಿಕಲ್‌ನಿಂದ ಕೊರೊನಾ ಪರೀಕ್ಷೆಯ ಕಿಟ್ ತರಿಸಿ ನೋಡಿದರೆ ಎರಡು ಗೆರೆ, ಅಂದರೆ ಪಾಸಿಟಿವ್, ಬಂತು. 2021ರಲ್ಲಿ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದೆ. ಹೆರಿಗೆಯಾದ ಕೂಡಲೇ ಮಗುವನ್ನು ನಾದಿನಿಯ ಮನೆಗೆ ಕಳಿಸಿ ಹದಿನೈದು ದಿನ ಡಬ್ಬಿ ಹಾಲು ಕೊಡೋಣ ಎನ್ನುತ್ತಾರೆ ಅತ್ತೆ. ಈಗಲೇ ಸಿಸೇರಿಯನ್ ಮಾಡಿಸಿದರೆ ಮಗುವಿಗೆ ಅಂಟುವುದಿಲ್ಲ ಎನ್ನುತ್ತಾರೆ ಪಕ್ಕದ ಮನೆಯವರು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಮ್ಮಲ್ಲಿ ಔಷಧಿಯೆಂದು ತಿನ್ನುವ ಮದ್ದುಸೊಪ್ಪಿನ ಕಷಾಯ ದಿನಾ ಕುಡಿ ಎನ್ನುವವರೂ ಇದ್ದಾರೆ. ಮಗುವಿಗೆ ಅಂಗವೈಕಲ್ಯ ಬರಬಹುದೇ ಎಂಬ ಹೆದರಿಕೆಯಿಂದ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ವೈರಸ್ ಹೊಟ್ಟೆಯೊಳಗೆ ದಾಟೀತೇ ಎಂಬುದು ಒಂದು. ಹೆರಿಗೆಯ ಹೊತ್ತಿಗೆ ಅಂಟೀತೇ ಎಂಬುದು ಇನ್ನೊಂದು. ಹುಟ್ಟಿದ ಮೇಲೆ ನಿಮ್ಮಿಂದ ಬಂದೀತೇ ಎಂಬುದು ಮತ್ತೊಂದು. ಇವೆಲ್ಲದರ ನಡುವೆ ನಿಮ್ಮ ಆರೋಗ್ಯದ ಮಾತು ಎಲ್ಲೂ ಬಂದಿಲ್ಲ. ನಾನು ಮೊದಲು ಕೇಳುವುದು ಅದನ್ನೇ. ಗರ್ಭದಲ್ಲಿರುವ ಮಗುವಿಗೆ ಕೊರೊನಾದಿಂದ ತೊಂದರೆಯಾದರೆ ಅದು ಬಹುಪಾಲು ತಾಯಿಯ ಕಾಯಿಲೆ ಬಿಗಡಾಯಿಸಿದ್ದರಿಂದ ಆಗುತ್ತದೆ. ವೈರಸ್ ನೇರವಾಗಿ ಮಗುವಿನ ಮೈಗೆ ನುಗ್ಗಿ ಆಗುವುದು ಅಪರೂಪ.

ಎಷ್ಟು ಅಪರೂಪ? ಬೇರೆ ಬೇರೆ ದೇಶಗಳ 140 ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2022ರಲ್ಲಿ ಪ್ರಕಟವಾಯಿತು. ಸೋಂಕಿತ ತಾಯಂದಿರಿಗೆ ಹುಟ್ಟಿದ 14,271 ಶಿಶುಗಳಲ್ಲಿ ಪಾಸಿಟಿವ್ ಬಂದದ್ದು ಶೇ 1.8. ಈ ಲೆಕ್ಕದಲ್ಲಿ ಹುಟ್ಟಿದ ಮೇಲೆ ಅಂಟಿಸಿಕೊಂಡ ಮಕ್ಕಳೂ ಸೇರಿದ್ದಾರೆ. ಗರ್ಭದೊಳಗೇ ಸೋಂಕು ತಗುಲಿದ್ದು ಖಚಿತವಾದ ಶಿಶುಗಳು ಅದರಲ್ಲೂ ಸಣ್ಣ ಪಾಲು. ಹಾಗೆಂದು ‘ದಾಟುವುದೇ ಇಲ್ಲ’ ಎನ್ನುವ ಮಾತೂ ಸರಿಯಲ್ಲ. 2020ರಲ್ಲಿ ಪ್ಯಾರಿಸ್‌ನ ವೈದ್ಯರು ವರದಿ ಮಾಡಿದ ಒಂದು ಪ್ರಕರಣದಲ್ಲಿ ತಾಯಿಯ ರಕ್ತ, ಮಾಸು, ಮಗು ಮೂರರಲ್ಲೂ ವೈರಸ್ ಸಿಕ್ಕಿತ್ತು.

ಯಾಕೆ ಇಷ್ಟು ಕಡಿಮೆ? ಎರಡು ಕಾರಣ. ಈ ವೈರಸ್ ಮುಖ್ಯವಾಗಿ ಮೂಗು, ಗಂಟಲು, ಶ್ವಾಸಕೋಶದಲ್ಲಿ ಬೆಳೆಯುತ್ತದೆ. ಸಾಮಾನ್ಯ ಜ್ವರದಷ್ಟರಲ್ಲೇ ಮುಗಿಯುವವರ ರಕ್ತಕ್ಕೆ ಅದು ಇಳಿಯುವುದು ಕಡಿಮೆ, ಮಾಸನ್ನು ತಲುಪಬೇಕಾದರೆ ರಕ್ತದ ದಾರಿಯಲ್ಲೇ ಬರಬೇಕು. ಜೀವಕೋಶದ ಒಳಹೊಗಲು ಅದಕ್ಕೆ ಎಸಿಇ2 ಎಂಬ ಗ್ರಾಹಕವೂ (ವೈರಸ್ ಅಂಟಿಕೊಳ್ಳುವ ಕೊಂಡಿ) ಬೇಕು, ಜೊತೆಗೊಂದು ಕಿಣ್ವವೂ ಬೇಕು. ಮಾಸಿನಲ್ಲಿ ಇವೆರಡೂ ಒಂದೇ ಜೀವಕೋಶದಲ್ಲಿ ಸಿಗುವುದು ವಿರಳ. ರುಬೆಲ್ಲಾ, ಝಿಕಾ ವೈರಸ್‌ಗಳು ಮಾಸನ್ನು ದಾಟಿ ಬೆಳೆಯುತ್ತಿರುವ ಅಂಗಗಳನ್ನೇ ಹಾಳುಮಾಡುವುದರಿಂದ ಜನರಿಗೆ ಇದರ ಮೇಲೂ ಅದೇ ಭಯ. ಕೊರೊನಾದಿಂದ ಅಂಥ ಹುಟ್ಟುದೋಷಗಳು ಬರುವುದು ಕಂಡುಬಂದಿಲ್ಲ. ನಿಮ್ಮ ಮಟ್ಟಿಗೆ ಇನ್ನೊಂದು ಮಾತು: 33ನೇ ವಾರಕ್ಕೆ ಮಗುವಿನ ಅಂಗಾಂಗಗಳೆಲ್ಲ ರೂಪುಗೊಂಡು ಎಷ್ಟೋ ಕಾಲವಾಗಿರುತ್ತದೆ. ಅಂಗವೈಕಲ್ಯದ ಭಯವನ್ನು ಬಿಟ್ಟುಬಿಡಿ.

ಬಿಡಬಾರದ ಭಯ ಬೇರೆಯೇ ಇದೆ. ಅಪರೂಪಕ್ಕೆ ವೈರಸ್ ಮಾಸಿನಲ್ಲಿ ನೆಲೆಯೂರಿದರೆ ಅಲ್ಲಿ ಉರಿಯೂತವಾಗಿ, ಫೈಬ್ರಿನ್ ಎಂಬ ಹೆಪ್ಪು ತುಂಬಿಕೊಂಡು, ರಕ್ತ ಹರಿಯುವ ಜಾಗವೇ ಕಟ್ಟಿಹೋಗುತ್ತದೆ. ಆಗ ಮಗುವಿಗೆ ಸೋಂಕು ತಗುಲದಿದ್ದರೂ ಆಮ್ಲಜನಕ ಸಿಗುವುದಿಲ್ಲ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗಿನ ಹೆರಿಗೆಗಳ ಲೆಕ್ಕ ನೋಡಿದಾಗ, ಹೆರಿಗೆಗೆ ಬಂದಾಗ ಕೊರೊನಾ ಇದ್ದವರಲ್ಲಿ ಶೇ 1.26ರಷ್ಟು ಮಕ್ಕಳು ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಇಲ್ಲದವರಲ್ಲಿ ಅದು ಶೇ 0.64. ಡೆಲ್ಟಾ ಹಾವಳಿಯ ತಿಂಗಳುಗಳಲ್ಲಿ ಅಪಾಯ ಇನ್ನೂ ಹೆಚ್ಚಿತ್ತು. ಈಗ ಓಡಾಡುತ್ತಿರುವುದು ಒಮಿಕ್ರಾನ್‌ನ ಸಂತತಿ, ನಿಮಗೆ ಲಸಿಕೆಯೂ ಆಗಿದೆ. ಆ ಅಂಕಿಗಳನ್ನು ಹಾಗೇ ನಿಮಗೆ ಹಚ್ಚಬೇಕಿಲ್ಲ. ಆದರೆ ಮಗುವಿನ ಒದೆತವನ್ನು ದಿನಾ ಗಮನಿಸಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಅಲುಗಾಟ ತಿಳಿಯಬೇಕು. ತಿಳಿಯದಿದ್ದರೆ, ಅಥವಾ ದಿನದ ರೂಢಿಗಿಂತ ಮಗು ಮಂಕಾಗಿದೆ ಅನ್ನಿಸಿದರೆ, ‘ಬೆಳಿಗ್ಗೆ ನೋಡೋಣ’ ಎನ್ನದೆ ಆಗಲೇ ಆಸ್ಪತ್ರೆಗೆ ಹೊರಡಿ.

ಇನ್ನು ನಿಮ್ಮ ಮೈಯ ವಿಚಾರ. ಏಳು ತಿಂಗಳು ದಾಟಿದ ಬಸುರಿಯ ಗರ್ಭಕೋಶ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಿರುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾಗಿರುತ್ತದೆ. ಮೈಗೆ ಬೇಕಾದ ಆಮ್ಲಜನಕವೋ ಅಷ್ಟೇ ಹೆಚ್ಚಿರುತ್ತದೆ. ಕೈಯಲ್ಲಿ ಉಳಿತಾಯವಿಲ್ಲದ ಮನೆಗೆ ಖರ್ಚು ಬಂದಂತೆ, ನ್ಯುಮೋನಿಯಾ ಬಂದರೆ ಬಸುರಿಯರ ಆಮ್ಲಜನಕ ಬೇಗ ಕುಸಿಯುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಬಸಿರಿನಲ್ಲಿ ಮೊದಲೇ ಹೆಚ್ಚು, ಕೊರೊನಾ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸೋಂಕಿತ ಬಸುರಿಯರಲ್ಲಿ ಅವಧಿಗೆ ಮುಂಚಿನ ಹೆರಿಗೆ ಮತ್ತು ಬಿ.ಪಿ. ಏರಿ ಬರುವ ಪ್ರೀಎಕ್ಲಾಂಪ್ಸಿಯಾ ಹೆಚ್ಚಾಗಿ ಕಂಡಿವೆ.

ಆದ್ದರಿಂದ ಮನೆಯಲ್ಲಿ ಒಂದು ಥರ್ಮಾಮೀಟರ್, ರಕ್ತದ ಆಮ್ಲಜನಕವನ್ನು ಬೆರಳಿನಿಂದ ಅಳೆಯುವ ಒಂದು ಪಲ್ಸ್ ಆಕ್ಸಿಮೀಟರ್, ಎರಡಕ್ಕೂ ಬಿಡಿ ಬ್ಯಾಟರಿ ಇರಲಿ. ಆಕ್ಸಿಮೀಟರ್ ಹಾಕುವುದರಲ್ಲಿ ನಡೆಯುವ ತಪ್ಪುಗಳೇ ಹೆಚ್ಚು. ಮಳೆಗಾಲದ ಕೊಡಗಿನಲ್ಲಿ ಬೆರಳು ತಣ್ಣಗಿದ್ದರೆ ಅದು 88, 90 ಎಂದು ತೋರಿಸಿ ಗಾಬರಿ ಹುಟ್ಟಿಸುತ್ತದೆ. ಉಗುರುಬಣ್ಣ, ಮದರಂಗಿ ಇದ್ದರೂ ಹಾಗೆಯೇ. ಐದು ನಿಮಿಷ ಕುಳಿತು ಸುಧಾರಿಸಿಕೊಳ್ಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ನಡುಬೆರಳಿಗೆ ಹಾಕಿ, ಅಂಕಿ ಒಂದು ನಿಮಿಷ ನಿಂತ ಮೇಲೆ ಬರೆದಿಡಿ. ದಿನಕ್ಕೆ ಮೂರು ಸಲ ಸಾಕು. ಬಸುರಿಗೆ 95 ಅಥವಾ ಮೇಲಿರಬೇಕು. ಆಮೇಲೆ ಜಗಲಿಯಲ್ಲಿ ಆರು ನಿಮಿಷ ನಡೆದು ಮತ್ತೆ ನೋಡಿ. ಕುಳಿತಾಗ 97 ಇದ್ದದ್ದು ನಡೆದ ಮೇಲೆ 93ಕ್ಕೆ ಇಳಿದರೆ ಶ್ವಾಸಕೋಶ ಒಳಗೊಳಗೇ ಸೋಲುತ್ತಿದೆ ಎಂದರ್ಥ. 94 ಅಥವಾ ಕಡಿಮೆ ಬಂದರೆ, ನಡೆದಾಗ ಮೂರಕ್ಕಿಂತ ಹೆಚ್ಚು ಇಳಿದರೆ, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಕೊನೆಯ ತಿಂಗಳುಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸಹಜ. ಕುಳಿತಲ್ಲೇ ಒಂದು ಮಾತು ಪೂರ್ತಿ ಆಡಲಾಗದಿದ್ದರೆ ಅದು ಸಹಜವಲ್ಲ. ಬಾಡಿಗೆಗೆ ಆಕ್ಸಿಜನ್ ಯಂತ್ರ ತಂದು ಮನೆಯಲ್ಲೇ ನೋಡಿಕೊಳ್ಳುತ್ತೇವೆ ಎಂಬ ಯೋಚನೆ ಬೇಡ. ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ನಿಮ್ಮಲ್ಲಿ ಹೊಸತೇನಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ 500 ಅಥವಾ 650 ಮಿ.ಗ್ರಾಂ, ಎರಡು ಮಾತ್ರೆಗಳ ನಡುವೆ ಕನಿಷ್ಠ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕಕ್ಕೆ ಮೀರದಂತೆ. ಬಸುರಿಗೆ ಮಾತ್ರೆಯೇ ಬೇಡ ಎಂದು ಜ್ವರವನ್ನು ಏರಲು ಬಿಡುವುದು ತಪ್ಪು ಲೆಕ್ಕ. ತಾಯಿಗೆ ಜ್ವರ ಏರಿದರೆ ಮಗುವಿನ ಎದೆಬಡಿತವೂ ಏರುತ್ತದೆ. ಅಂಗಡಿಯಲ್ಲಿ ಕೊಡುವ ‘ಶೀತದ ಮಾತ್ರೆ’ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಅವುಗಳಲ್ಲಿರುವ ಮೂಗು ಬಿಡಿಸುವ ಔಷಧ ಬಿ.ಪಿ.ಯನ್ನೂ ಏರಿಸಬಹುದು. ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಟ್ಟಬೇಡಿ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡದ ಮೇಲೆ ಕೆಲಸ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡುತ್ತವೆ. 30 ವಾರದ ನಂತರ ಮಗುವಿನ ಹೃದಯದ ಬಳಿ ತೆರೆದೇ ಇರಬೇಕಾದ ರಕ್ತನಾಳ ಮುಂಚೆಯೇ ಮುಚ್ಚಿಕೊಳ್ಳಬಹುದು. ಪ್ರೀಎಕ್ಲಾಂಪ್ಸಿಯಾ ತಡೆಯಲು ವೈದ್ಯರು ಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಫಾವಿಪಿರಾವಿರ್, ಮೊಲ್ನುಪಿರಾವಿರ್ ಬಸುರಿಯರಿಗೆ ಸಲ್ಲದ ಔಷಧಗಳು. ಐವರ್‌ಮೆಕ್ಟಿನ್‌ನಿಂದ ಪ್ರಯೋಜನವಿಲ್ಲ. ಹಳೆಯ ಚೀಟಿ ಹಿಡಿದು ಇವನ್ನು ತರಿಸಬೇಡಿ.

ಸ್ಟೀರಾಯ್ಡ್ ಬಗ್ಗೆ ಗೊಂದಲ ಬಹಳ. ಕೊರೊನಾಕ್ಕೆ ಸ್ಟೀರಾಯ್ಡ್ ಕೊಡುವುದು ಆಮ್ಲಜನಕ ಬೇಕಾದವರಿಗೆ ಮಾತ್ರ. ಮನೆಯಲ್ಲಿರುವ ಜ್ವರಕ್ಕೆ ಅದು ಉಪಕಾರ ಮಾಡುವುದಿಲ್ಲ, ಸಕ್ಕರೆ ಏರಿಸಿ ಅಪಕಾರ ಮಾಡೀತು. 34 ವಾರದೊಳಗೆ ಹೆರಿಗೆ ಆಗಿಬಿಡುವ ಸೂಚನೆ ಕಂಡರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ ಸೂಜಿಯನ್ನು 12 ಗಂಟೆಗೊಮ್ಮೆ ನಾಲ್ಕು ಸಲ ಕೊಡುವುದು ಬೇರೆಯೇ ವಿಷಯ. ನೀವು ಆ ಗಡಿಯಲ್ಲೇ ಇದ್ದೀರಿ. ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಗಟ್ಟಿಯಾಗತೊಡಗಿದರೆ, ನೀರು ಹೋದರೆ, ರಕ್ತ ಕಂಡರೆ ಬೇಗ ಹೋದಷ್ಟೂ ಮಗುವಿಗೆ ಲಾಭ. ಸೂಜಿ ಕೆಲಸ ಮಾಡಲು ಒಂದಿಷ್ಟು ಹೊತ್ತು ಬೇಕು. ತಡೆಯಲಾರದ ತಲೆನೋವು, ಕಣ್ಣಿಗೆ ಮಿಂಚು ಹೊಡೆದಂತಾಗುವುದು, ಎದೆಗುಂಡಿಗೆಯ ಕೆಳಗೆ ನೋವು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವೂ ಹೊರಡಬೇಕಾದ ಸೂಚನೆಗಳೇ.

ಒಂದು ಎಚ್ಚರಿಕೆ. ಕಿಟ್‌ನಲ್ಲಿ ಎರಡು ಗೆರೆ ಬಂತು ಎಂದು ಉಳಿದ ಜ್ವರಗಳನ್ನು ಮರೆಯಬಾರದು. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ, ಎಚ್1ಎನ್1 ಎಲ್ಲವೂ ಒಟ್ಟಿಗೇ ಓಡಾಡುತ್ತವೆ, ಒಬ್ಬರಿಗೇ ಎರಡು ಬರುವುದೂ ಉಂಟು. ಮೂರು ದಿನ ಜ್ವರ ಕಳೆದ ನಿಮಗೆ ರಕ್ತದ ಎಣಿಕೆ, ಪ್ಲೇಟ್‌ಲೆಟ್, ಡೆಂಗಿ ಪರೀಕ್ಷೆ, ಮೂತ್ರ ಮತ್ತು ಬಿ.ಪಿ. ತಪಾಸಣೆ ಇಷ್ಟಾದರೂ ಆಗಬೇಕು. ಗದ್ದೆಯಲ್ಲೋ ತೋಟದಲ್ಲೋ ಬರಿಗಾಲಲ್ಲಿ ಓಡಾಡಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಇಲಿಜ್ವರದ ಯೋಚನೆ ಅಲ್ಲಿಂದಲೇ ಶುರುವಾಗುವುದು. ಎಚ್1ಎನ್1 ಆಗಿದ್ದರೆ ಅದಕ್ಕೆ ಬೇರೆ ಔಷಧವಿದೆ, ಬೇಗ ಶುರುಮಾಡಿದಷ್ಟೂ ಗುಣ ಹೆಚ್ಚು. ಪ್ಲೇಟ್‌ಲೆಟ್ ಇಳಿಯುವುದು ಡೆಂಗಿಯಲ್ಲೂ ಪ್ರೀಎಕ್ಲಾಂಪ್ಸಿಯಾದಲ್ಲೂ ಆಗುವುದರಿಂದ ಬಿ.ಪಿ. ನೋಡದೆ ಬರೀ ರಕ್ತದ ವರದಿ ಓದಿ ಯಾರೂ ತೀರ್ಮಾನ ಹೇಳಲಾರರು.

ಮದ್ದುಸೊಪ್ಪಿಗೆ ಬರೋಣ. ಆಟಿ ಹದಿನೆಂಟರಂದು ಅದರ ಪಾಯಸವನ್ನು ಒಂದೆರಡು ಚಮಚ ರುಚಿ ನೋಡುವುದಕ್ಕೂ, ಸೊಪ್ಪನ್ನು ಬತ್ತಿಸಿ ದಿನಾ ಲೋಟಗಟ್ಟಲೆ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಅದು ಕೊರೊನಾ ವೈರಸ್ಸನ್ನು ಕೊಲ್ಲುತ್ತದೆ ಎಂದು ಬಸುರಿಯರಲ್ಲಿ ತೋರಿಸಿದ ಪರೀಕ್ಷೆ ಇಲ್ಲ, ಕಷಾಯ ಬೇಡ. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುವುದು ಕೊಡಗಿನವರಿಗೆಲ್ಲ ಗೊತ್ತು, ಆದರೆ ಹೊರಗಿನಿಂದ ಬಂದ ವೈದ್ಯರಿಗೆ ಗೊತ್ತಿರಬೇಕೆಂದಿಲ್ಲ. ತಿಂದಿದ್ದರೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಮೂತ್ರದಲ್ಲಿ ರಕ್ತ ಎಂದು ಇನ್ನೊಂದು ಹುಡುಕಾಟ ಶುರುವಾಗುತ್ತದೆ. ಬಸಿರಿನ ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ಪಾಯಸವೂ ಲೆಕ್ಕದಲ್ಲಿರಲಿ. ಕಾಳುಮೆಣಸು, ಶುಂಠಿ ಹಾಕಿದ ಬಿಸಿ ಸಾರು ಗಂಟಲಿಗೆ ಹಿತ, ಧಾರಾಳವಾಗಿ ಕುಡಿಯಿರಿ. ಹಬೆ ತೆಗೆದುಕೊಳ್ಳುವುದರಿಂದ ವೈರಸ್ ಸಾಯುವುದಿಲ್ಲ, ಬಿಸಿನೀರು ಮೈಮೇಲೆ ಚೆಲ್ಲಿಕೊಳ್ಳುವ ಅಪಾಯವೇ ಹೆಚ್ಚು.

ಈಗಲೇ ಸಿಸೇರಿಯನ್ ಮಾಡಿಸುವ ಸಲಹೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ಆ ಶೇ 1.8ರ ಲೆಕ್ಕದಲ್ಲಿ ಮಗು ಪಾಸಿಟಿವ್ ಬರುವುದಕ್ಕೂ ಹೆರಿಗೆ ಯಾವ ಬಗೆಯದು ಎಂಬುದಕ್ಕೂ ನಂಟು ಕಾಣಲಿಲ್ಲ. ನಂಟು ಕಂಡದ್ದು ತಾಯಿಯ ಕಾಯಿಲೆ ತೀವ್ರವಾದಾಗ. 33 ವಾರಕ್ಕೆ ಹೊಟ್ಟೆ ಕೊಯ್ದು ತೆಗೆದ ಮಗುವಿಗೆ ಉಸಿರಾಟದ ತೊಂದರೆ, ಹಾಲು ಎಳೆಯಲಾಗದಿರುವುದು, ಮೈ ತಣ್ಣಗಾಗುವುದು, ವಾರಗಟ್ಟಲೆ ಶಿಶು ಘಟಕದ ವಾಸ, ಇವು ನಿಜವಾದ ಅಪಾಯಗಳು. ಇಲ್ಲದ ಅಪಾಯಕ್ಕೆ ಹೆದರಿ ಇರುವ ಅಪಾಯವನ್ನು ಯಾಕೆ ಕೊಳ್ಳಬೇಕು? ತಾಯಿಯ ಆಮ್ಲಜನಕ ಕುಸಿದು ಉಳಿಸಿಕೊಳ್ಳುವುದು ಕಷ್ಟವಾದಾಗ, ಅಥವಾ ಮಗುವಿನ ಎದೆಬಡಿತ ಕೆಟ್ಟಾಗ ಬೇಗ ಹೆರಿಗೆ ಮಾಡಿಸಬೇಕಾಗುತ್ತದೆ. ಆ ತೀರ್ಮಾನ ಆಸ್ಪತ್ರೆಯಲ್ಲಿ ಆಗುವಂಥದ್ದು.

ಅತ್ತೆಯವರ ಯೋಜನೆಯಲ್ಲಿ ಲೆಕ್ಕವೇ ತಪ್ಪಿದೆ. ಅವಧಿ ತುಂಬಲು ನಿಮಗೆ ಇನ್ನೂ ಆರೇಳು ವಾರ ಇದೆ. ಅಷ್ಟರಲ್ಲಿ ಈ ಸೋಂಕು ಮುಗಿದು ಎಷ್ಟೋ ದಿನವಾಗಿರುತ್ತದೆ, ಮಗುವನ್ನು ಬೇರೆ ಇಡುವ ಪ್ರಶ್ನೆಯೇ ಏಳುವುದಿಲ್ಲ. ವೈರಸ್ಸಿನ ವಿರುದ್ಧ ಹೋರಾಡಲು ನಿಮ್ಮ ಮೈ ಈಗ ತಯಾರಿಸುವ ಐಜಿಜಿ ಎಂಬ ಪ್ರತಿಕಾಯಗಳು ಈ ವಾರಗಳಲ್ಲಿ ಮಾಸಿನ ಮೂಲಕ ಮಗುವಿಗೆ ಹೋಗುತ್ತವೆ. ವೈರಸ್ ದಾಟದಿದ್ದರೂ ರಕ್ಷಣೆ ದಾಟುತ್ತದೆ. ಹುಟ್ಟಿದ ಮಗುವಿನ ರಕ್ತದಲ್ಲಿ ಐಜಿಜಿ ಸಿಕ್ಕಿತೆಂದು ಮಗುವಿಗೆ ಕೊರೊನಾ ಆಗಿತ್ತು ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ, ಅದು ನೀವು ಕೊಟ್ಟದ್ದು.

ಒಂದು ವೇಳೆ ಈ ವಾರವೇ ಹೆರಿಗೆಯಾದರೆ? ಆಗಲೂ ಮಗು ನಿಮ್ಮ ಹತ್ತಿರವೇ ಇರಲಿ. ಮಗು ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಳ್ಳಬಹುದು, ಹಾಲು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಎದೆಹಾಲಿನಿಂದ ಮಗುವಿಗೆ ಸೋಂಕು ಬರುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ, ಬದಲಿಗೆ ಅದರಲ್ಲಿ ಪ್ರತಿಕಾಯಗಳು ಸಿಕ್ಕಿವೆ. ಮಗುವಿಗೆ ಅಂಟುವುದಾದರೆ ಕೆಮ್ಮು, ಸೀನು, ಕೈಯಿಂದ. ಹಾಗಾಗಿ ಹಾಲು ಕೊಡುವಾಗ ನೀವು ಮಾಸ್ಕ್ ಹಾಕಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಉಳಿದ ಹೊತ್ತು ತೊಟ್ಟಿಲು ಆರಡಿ ದೂರವಿರಲಿ. ಮೊಲೆ ತೊಳೆದು ತೊಳೆದು ಬಿರುಕು ಮಾಡಿಕೊಳ್ಳಬೇಡಿ, ಮೇಲೆ ಕೆಮ್ಮಿದ್ದರೆ ಮಾತ್ರ ತೊಳೆದರಾಯಿತು. ಮಗುವಿಗೆ ಮಾಸ್ಕ್ ಹಾಕಲೇಬಾರದು, ಉಸಿರುಗಟ್ಟುತ್ತದೆ. ನಿಮಗೆ ತೀರಾ ಸುಸ್ತಾದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಲಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆಯೊಳಗೆ ಬಳಸಿ. ಕರೆಂಟ್ ಹೋಗಿ ಬಂದಿದ್ದರೆ ಫ್ರಿಜ್ಜಿನ ಹಾಲನ್ನು ನಂಬಬೇಡಿ. ಡಬ್ಬಿ ಹಾಲಿನ ದೊಡ್ಡ ತೊಂದರೆ ಇದು: ಮಳೆಗಾಲದ ಕಲಕು ನೀರು, ಸರಿಯಾಗಿ ಕುದಿಸದ ಬಾಟಲಿ, ಮಗುವಿಗೆ ಭೇದಿ. ಹದಿನೈದು ದಿನ ಮಗು ಎಳೆಯದಿದ್ದರೆ ನಿಮ್ಮ ಹಾಲೂ ಬತ್ತುತ್ತದೆ.

ಮಗುವಿನ ಪರೀಕ್ಷೆಯನ್ನು ಹುಟ್ಟಿದ ಕೂಡಲೇ ಮಾಡಿದರೆ ಮೂಗಿಗೆ ಮೆತ್ತಿದ ತಾಯಿಯ ಸ್ರಾವವೇ ಪಾಸಿಟಿವ್ ತೋರಿಸಬಹುದು. ಹುಟ್ಟಿ ಸುಮಾರು 24 ಗಂಟೆಯಾದಾಗ ಒಮ್ಮೆ, 48 ಗಂಟೆಯಾದಾಗ ಇನ್ನೊಮ್ಮೆ ನೋಡುವುದು ಸರಿಯಾದ ಕ್ರಮ. ಪಾಸಿಟಿವ್ ಬಂದ ಶಿಶುಗಳಲ್ಲೂ ಹೆಚ್ಚಿನವು ಏನೂ ಲಕ್ಷಣವಿಲ್ಲದೆ ಚೇತರಿಸಿಕೊಳ್ಳುತ್ತವೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆ ಒಳಸೇದುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, 100.4 ಡಿಗ್ರಿ ಜ್ವರ ಅಥವಾ ಮೈ ತಣ್ಣಗಾಗುವುದು ಕಂಡರೆ ಕಾಯಬಾರದು.

ಬಾಣಂತಿ ಕೋಣೆಯ ಬಗ್ಗೆ ಹೇಳದಿರಲಾರೆ. ಕಿಟಕಿ ಬಿಗಿಯಾಗಿ ಮುಚ್ಚಿ, ಕೆಂಡ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿದ ಕೋಣೆಯಲ್ಲಿ ಒಬ್ಬರಿಗೆ ಕೆಮ್ಮಿದ್ದರೂ ಎಲ್ಲರಿಗೂ ಹಂಚಿಹೋಗುತ್ತದೆ, ಹೊಗೆ ಮಗುವಿನ ಶ್ವಾಸಕೋಶಕ್ಕೂ ಕೆಟ್ಟದ್ದು. ಮಗುವನ್ನು ಬೆಚ್ಚಗಿಡಲು ಟೋಪಿ, ಕಾಲುಚೀಲ, ತಾಯಿಯ ಮೈ ಸಾಕು. ಕಿಟಕಿಯ ಒಂದು ಬಾಗಿಲು ತೆರೆದಿರಲಿ. ತೋಟದ ಲೈನ್ ಮನೆಗಳಂಥ ಒಂದೇ ಕೋಣೆಯಲ್ಲಿ ಇರುವವರಿಗೂ ಬೇರೆ ಕೋಣೆಗಿಂತ ಈ ಕಿಟಕಿ ಮತ್ತು ಮಾಸ್ಕ್ ಕೈಗೆಟುಕುವ ದಾರಿ. ಮಗು ನೋಡಲು ಬರುವ ನೆಂಟರಲ್ಲಿ ಮೂಗು ಸೋರುವವರಿಗೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸುವ ಜವಾಬ್ದಾರಿ ಅತ್ತೆಯವರದಾಗಲಿ; ಮಗುವನ್ನು ಕಾಪಾಡಬೇಕೆಂಬ ಅವರ ಕಾಳಜಿಗೆ ಅದು ಒಳ್ಳೆಯ ಕೆಲಸ.

ದಾರಿಯ ಯೋಜನೆ ಈಗಲೇ ಆಗಬೇಕು. ಭಾಗಮಂಡಲದಲ್ಲಿ ಸಂಗಮ ತುಂಬಿದರೆ ನಿಮ್ಮ ಕಡೆಯ ರಸ್ತೆಗಳ ಗತಿ ನಿಮಗೇ ಗೊತ್ತು. 37 ವಾರದ ಹೊತ್ತಿಗೆ ಮಡಿಕೇರಿಯಲ್ಲೋ ಆಸ್ಪತ್ರೆಗೆ ಹತ್ತಿರದ ಬೇರೆ ಕಡೆಯೋ ನೆಂಟರ ಮನೆಗೆ ಬಂದು ಇರುವುದು ಒಳ್ಳೆಯದು. ಮಡಿಕೇರಿಯ ಜಿಲ್ಲಾಸ್ಪತ್ರೆ ಈಗ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ. ಅಲ್ಲಿಂದ ಮುಂದಕ್ಕೆ ಕಳಿಸಬೇಕಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಸುಮಾರು 120 ಕಿ.ಮೀ. ದೂರ. ಈ ಲೆಕ್ಕದಿಂದಲೇ, ಆಮ್ಲಜನಕ 94 ಆದಾಗ ಹೊರಡಿ, 90 ಆಗಲಿ ಎಂದು ಕಾಯಬೇಡಿ ಎನ್ನುವುದು. 108ಕ್ಕೆ ಕರೆ ಮಾಡುವಾಗ ವಾರ ಎಷ್ಟು, ಕೊರೊನಾ ಪಾಸಿಟಿವ್, ಆಮ್ಲಜನಕ ಎಷ್ಟು ಎಂಬ ಮೂರನ್ನೂ ಮೊದಲ ಮಾತಿನಲ್ಲೇ ಹೇಳಿ. ಮನೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಜಾಗಕ್ಕೆ ಯಾರು ಓಡಬೇಕು, ಯಾರ ಜೀಪು ಎಂಬುದನ್ನು ಆಶಾ ಕಾರ್ಯಕರ್ತೆಯ ಜೊತೆ ಮಾತಾಡಿಟ್ಟುಕೊಳ್ಳಿ.

ಲಸಿಕೆ ವಿಚಾರ. ಭಾರತದಲ್ಲಿ 2021ರ ಜುಲೈ 2ರಿಂದ ಬಸುರಿಯರಿಗೂ ಅನುಮತಿ ಇದೆ, ಯಾವ ತಿಂಗಳಲ್ಲಾದರೂ ಸರಿ. ಅದು ಬಂಜೆತನ, ಗರ್ಭಪಾತ ತರುತ್ತದೆ ಎಂಬುದು ಬರೀ ಗಾಳಿಸುದ್ದಿ. ಬಸಿರಿನಲ್ಲಿ ಎರಡು ಡೋಸ್ ಪಡೆದ ಅಮೆರಿಕದ ತಾಯಂದಿರ ಆರು ತಿಂಗಳೊಳಗಿನ ಶಿಶುಗಳು ಕೊರೊನಾದಿಂದ ಆಸ್ಪತ್ರೆ ಸೇರುವುದು ಸುಮಾರು ಶೇ 61ರಷ್ಟು ತಗ್ಗಿತ್ತು. ನಿಮಗೆ ಈಗಷ್ಟೇ ಸೋಂಕು ಬಂದಿರುವುದರಿಂದ ಬೂಸ್ಟರ್‌ಗೆ ಅವಸರವಿಲ್ಲ, ಹೆರಿಗೆಯ ನಂತರ ವೈದ್ಯರೊಂದಿಗೆ ಮಾತಾಡಿ. ಫ್ಲೂ ಲಸಿಕೆ ಆಗಿಲ್ಲದಿದ್ದರೆ ಜ್ವರ ಬಿಟ್ಟ ಮೇಲೆ ಅದನ್ನು ಕೇಳಿ ಹಾಕಿಸಿಕೊಳ್ಳಿ. ಮಳೆಗಾಲದ ಕೊಡಗಿನಲ್ಲಿ ಅದರ ಉಪಯೋಗ ಕೊರೊನಾ ಲಸಿಕೆಗಿಂತ ಕಡಿಮೆಯದೇನಲ್ಲ.

ಪಾಸಿಟಿವ್ ಬಂದ ದಿನದಿಂದ ಏಳು ದಿನ ಬೇರೆ ಇರಿ, ಅದರಲ್ಲಿ ಕೊನೆಯ ಮೂರು ದಿನ ಮಾತ್ರೆಯಿಲ್ಲದೆ ಜ್ವರ ಬಿಟ್ಟಿರಬೇಕು. ಬೇರೆ ಇರುವುದೆಂದರೆ ಮಂಚ ಹಿಡಿದು ಮಲಗುವುದಲ್ಲ. ರಕ್ತ ಹೆಪ್ಪುಗಟ್ಟದಿರಲು ಆಗಾಗ ಎದ್ದು ಹತ್ತು ಹೆಜ್ಜೆ ಓಡಾಡಿ, ದಿನಕ್ಕೆ ಎರಡೂವರೆ ಲೀಟರಿನಷ್ಟು ನೀರು, ಗಂಜಿ, ಸಾರು ಹೋಗಲಿ, ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ತಪ್ಪಿದ ತಪಾಸಣೆಯನ್ನು ಎಂಟನೇ ದಿನವೇ ಮಾಡಿಸಿಕೊಳ್ಳಿ. ಜ್ವರದಷ್ಟರಲ್ಲೇ ಮುಗಿದರೆ ಹೆಚ್ಚುವರಿ ಸ್ಕ್ಯಾನ್ ಬೇಕಾಗುವುದಿಲ್ಲ. ಆಸ್ಪತ್ರೆ ಸೇರಬೇಕಾಗಿ ಬಂದರೆ ಎರಡು ವಾರದ ನಂತರ ಮಗುವಿನ ಬೆಳವಣಿಗೆ, ಗರ್ಭದ ನೀರು ನೋಡುವ ಸ್ಕ್ಯಾನ್ ಕೇಳಿ. ಪಾಸಿಟಿವ್ ಬಂದ ತಾರೀಖನ್ನು ತಾಯಿ ಕಾರ್ಡಿನಲ್ಲಿ ಬರೆಸಿಡಿ. ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸಿನ ಸತ್ತ ಚೂರುಗಳನ್ನೂ ಹಿಡಿಯುವುದರಿಂದ ವಾರಗಳ ನಂತರವೂ ಪಾಸಿಟಿವ್ ಬರಬಹುದು. ಹೆರಿಗೆಗೆ ಹೋದಾಗ ಹಾಗೆ ಬಂದರೆ ಆ ತಾರೀಖು ತೋರಿಸಿ, ಹಳೆಯ ಸೋಂಕಿಗಾಗಿ ಮಗುವನ್ನು ಬೇರೆ ಇಡಬೇಕಿಲ್ಲ ಎಂದು ವೈದ್ಯರೇ ನಿಮ್ಮವರಿಗೆ ತಿಳಿಹೇಳುತ್ತಾರೆ.